ಶನಿವಾರ ರಾತ್ರಿಯೋ, ಭಾನುವಾರ ನಸುಕೋ: ನಿಜವಾದ ಈಸ್ಟರ್ ಯಾವುದು?

ಪ್ರಶ್ನೆ: ನಾನು ಮಂಗಳೂರಿನ ಕಥೋಲಿಕ್ ಮನೆಯವಳು. ಗಂಡನದು ಧಾರವಾಡದ ಸಿಎಸ್‌ಐ ಕುಟುಂಬ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾದ ಪ್ರಾಟೆಸ್ಟೆಂಟರು. ನಾವಿರುವುದು ಬೆಂಗಳೂರಲ್ಲಿ, ಹಬ್ಬಕ್ಕೆ ಒಂದು ವರ್ಷ ಅಲ್ಲಿಗೆ, ಒಂದು ವರ್ಷ ಇಲ್ಲಿಗೆ. ನಮ್ಮ ಕಡೆ ಈಸ್ಟರ್ ಅಂದರೆ ಶನಿವಾರ ರಾತ್ರಿಯ ಪೂಜೆ. ಅವರ ಕಡೆ ಭಾನುವಾರ ನಸುಕಿನಲ್ಲೇ ಎದ್ದು ಸ್ಮಶಾನಕ್ಕೆ ಹೋಗುತ್ತಾರೆ, ನನಗೆ ಅದು ಇನ್ನೂ ಒಗ್ಗಿಲ್ಲ. ಮೇಲಿನ ಮನೆಯ ಮಲಯಾಳಿ ಆಂಟಿ ಗುರುವಾರವೇ ಅಪ್ಪ ಮಾಡಿ ಮುರಿಯುತ್ತಾರೆ. ಅಪಾರ್ಟ್‌ಮೆಂಟಿನಲ್ಲಿ ಮಕ್ಕಳಿಗೆ ಮೊಟ್ಟೆ ಹುಡುಕುವ ಆಟ. ಹೊಸ ಸಭೆ (ಚರ್ಚ್) ಸೇರಿರುವ ಮೈದುನ ಮಾತ್ರ ‘ಈಸ್ಟರ್ ಅನ್ಯದೇವತೆಯ ಹಬ್ಬ, ಬೈಬಲ್ಲಿನಲ್ಲಿ ಇಲ್ಲವೇ ಇಲ್ಲ’ ಅಂತ ವಿಡಿಯೊ ಕಳಿಸುತ್ತಾನೆ. ಹೋದ ಸಲ ಏಳು ವರ್ಷದ ಮಗಳು ‘ಮೊಟ್ಟೆಗೂ ಯೇಸುವಿಗೂ ಏನಮ್ಮ ಸಂಬಂಧ?’ ಅಂದಳು. ಉತ್ತರ ಹೊಳೆಯಲಿಲ್ಲ. ಇಷ್ಟರಲ್ಲಿ ನಿಜವಾದ ಈಸ್ಟರ್ ಯಾವುದು?

ಉತ್ತರ: ಮಗಳ ಪ್ರಶ್ನೆ ಇದ್ದುದರಲ್ಲಿ ಸುಲಭದ್ದು, ಆಮೇಲೆ ನೋಡೋಣ. ಮೈದುನನದು ಇನ್ನೂ ಸುಲಭ. ಕಷ್ಟದ್ದು ನಿಮ್ಮದೇ.

ಮೊದಲು ಕಥೆಗೇ ಹೋಗೋಣ, ಯಾಕೆಂದರೆ ಹಬ್ಬದ ಗೊಂದಲ ಬಂದಾಗ ನಾವು ಕಥೆ ಬಿಟ್ಟು ಎಲ್ಲವನ್ನೂ ನೋಡುತ್ತೇವೆ. ಯೇಸುವಿನ ಬದುಕನ್ನು ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಹಳೆಯದು ಮಾರ್ಕನದು ಅಂತ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಅವನು ಬರೆದಿರುವುದು ಇಷ್ಟೇ. ಸಬ್ಬತ್, ಅಂದರೆ ಯೆಹೂದ್ಯರ ಶನಿವಾರದ ವಿಶ್ರಾಂತಿ ದಿನ, ಮುಗಿಯಿತು. ಮೂವರು ಹೆಂಗಸರು ಯೇಸುವಿನ ಹೆಣಕ್ಕೆ ಹಚ್ಚಲು ಸುಗಂಧದ್ರವ್ಯ ಕೊಂಡು, ವಾರದ ಮೊದಲ ದಿನ ಬೆಳಗ್ಗೆ ಬೇಗ ಸಮಾಧಿಗೆ ಹೊರಟರು. ದಾರಿಯುದ್ದಕ್ಕೂ ಅವರ ಚಿಂತೆ ಒಂದೇ: ಬಾಗಿಲಿಗೆ ಇಟ್ಟಿರುವ ಆ ಕಲ್ಲನ್ನು ಉರುಳಿಸುವವರು ಯಾರು? ಹೋಗಿ ನೋಡಿದರೆ ಕಲ್ಲು ಆಗಲೇ ಉರುಳಿದೆ. ಒಳಗೆ ಬಿಳಿ ನಿಲುವಂಗಿಯ ಒಬ್ಬ ಯುವಕ. ‘ಆತ ಇಲ್ಲಿಲ್ಲ, ಎದ್ದಿದ್ದಾನೆ’ ಅನ್ನುತ್ತಾನೆ. ಹೆಂಗಸರು ನಡುಗುತ್ತಾ ಓಡಿಹೋಗುತ್ತಾರೆ, ಹೆದರಿ ಯಾರಿಗೂ ಏನೂ ಹೇಳುವುದಿಲ್ಲ. ಹಳೆಯ ಹಸ್ತಪ್ರತಿಗಳಲ್ಲಿ ಮಾರ್ಕನ ಸುವಾರ್ತೆ ಅಲ್ಲಿಗೇ ನಿಂತುಬಿಡುತ್ತದೆ. ಮುಂದಿನ ವಚನಗಳು ಆಮೇಲೆ ಸೇರಿದವು.

ಇಲ್ಲಿ ಒಂದು ವಿಷಯ ಗಮನಿಸಿ. ಯೇಸು ಎದ್ದ ಗಳಿಗೆಯನ್ನು ಯಾರೂ ನೋಡಿಲ್ಲ. ಮಾರ್ಕ ಮಾತ್ರವಲ್ಲ, ಮತ್ತಾಯ, ಲೂಕ, ಯೋಹಾನ ಕೂಡ ಆ ಗಳಿಗೆಯನ್ನು ಬಣ್ಣಿಸುವುದಿಲ್ಲ. ಶುಕ್ರವಾರ ಸಂಜೆ ಹೂಳಿದ್ದು ಗೊತ್ತು, ಭಾನುವಾರ ಬೆಳಗ್ಗೆ ಸಮಾಧಿ ಖಾಲಿ ಇದ್ದದ್ದು ಗೊತ್ತು. ನಡುವಿನದು ಕತ್ತಲೆ. ಹಬ್ಬದ ಹೃದಯದಲ್ಲೇ ಹೀಗೊಂದು ಖಾಲಿ ಜಾಗ ಇದೆ. ನಿಮ್ಮ ತವರಿನವರು ಆ ಕತ್ತಲೆಯಲ್ಲಿ ಎದ್ದು ಕಾಯುತ್ತಾರೆ. ಗಂಡನ ಮನೆಯವರು ಬೆಳಕು ಹರಿಯುವ ಹೊತ್ತಿಗೆ ಆ ಹೆಂಗಸರ ಹಿಂದೆಯೇ ಸಮಾಧಿಗೆ ಹೋಗುತ್ತಾರೆ. ಎರಡೂ ಒಂದೇ ಕಥೆ, ಗಡಿಯಾರದ ಮುಳ್ಳು ಮಾತ್ರ ಬೇರೆ ಬೇರೆ ಕಡೆ.

ಕಥೆಯ ಅರ್ಥ ಏನು ಅನ್ನುವುದರಲ್ಲಿ ಮಾತ್ರ ಸಡಿಲ ಬಿಡಬಾರದು. ಆದಿ ಸಭೆಯ ಬೋಧಕ ಪೌಲ ಕೊರಿಂಥ ಊರಿನ ಕ್ರೈಸ್ತರಿಗೆ ಮೊದಲ ಪತ್ರ ಬರೆದದ್ದು ಸುಮಾರು ಕ್ರಿ.ಶ. 55ರ ಹೊತ್ತಿಗೆ, ಅಂದರೆ ಸುವಾರ್ತೆಗಳಿಗಿಂತ ಮೊದಲು. ಅದರ 15ನೇ ಅಧ್ಯಾಯದಲ್ಲಿ ಅವನು ಮುಲಾಜಿಲ್ಲದೆ ಹೇಳುತ್ತಾನೆ, ಕ್ರಿಸ್ತ ಎದ್ದಿಲ್ಲ ಅಂತಾದರೆ ನಮ್ಮ ಬೋಧನೆಯೂ ದಂಡ, ನಿಮ್ಮ ನಂಬಿಕೆಯೂ ದಂಡ ಅಂತ. ಆತ್ಮ ಅಮರ, ಒಳ್ಳೆಯವರ ನೆನಪು ಸಾಯುವುದಿಲ್ಲ, ಚಳಿಗಾಲ ಕಳೆದು ವಸಂತ ಬಂತು, ಇಂಥ ಮಾತುಗಳಿಗೆ ಸಮಾಧಿ ಖಾಲಿಯಾಗುವ ಅಗತ್ಯವೇ ಇಲ್ಲ ಅಲ್ವಾ? ಲೂಕ ಹೇಳುವ ಪ್ರಕಾರ ಎದ್ದುಬಂದ ಯೇಸು ‘ತಿನ್ನುವುದಕ್ಕೆ ಏನಾದರೂ ಇದೆಯಾ’ ಅಂತ ಕೇಳಿ ಸುಟ್ಟ ಮೀನಿನ ತುಂಡು ತಿಂದ. ಯೋಹಾನನಲ್ಲಿ ಕೆರೆಯ ದಡದಲ್ಲಿ ಕೆಂಡ ಹಾಕಿ, ಮೀನು ಸುಟ್ಟು, ಶಿಷ್ಯರನ್ನು ಬೆಳಗಿನ ತಿಂಡಿಗೆ ಕರೆಯುತ್ತಾನೆ. ಮೈಯುಳ್ಳ ಮನುಷ್ಯನ ಕೆಲಸ ಇದು. ಸಾವು ಅವನನ್ನು ಹಿಡಿದಿಟ್ಟುಕೊಳ್ಳಲಿಲ್ಲ, ಆದ್ದರಿಂದ ನಮ್ಮನ್ನೂ ಹಿಡಿದಿಟ್ಟುಕೊಳ್ಳುವುದಿಲ್ಲ: ಕ್ರೈಸ್ತರು ಈಸ್ಟರಿನಲ್ಲಿ ಹೇಳುವುದು ಇದನ್ನೇ. ಇದನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಆದರೆ ಈಸ್ಟರ್ ಅಂದರೆ ಹೊಸ ಆರಂಭ, ಹೊಸ ಹುರುಪು ಅಂತ ಗುಡ್ ಮಾರ್ನಿಂಗ್ ಮೆಸೇಜಿನ ಮಟ್ಟಕ್ಕೆ ಇಳಿಸಿದರೆ ನನಗೆ ಮೊಟ್ಟೆ ಮೊಲಗಳಿಗಿಂತ ಜಾಸ್ತಿ ಬೇಜಾರಾಗುತ್ತದೆ.

ಈಗ ಶನಿವಾರ ರಾತ್ರಿ. ನೀವು ಚಿಕ್ಕಂದಿನಿಂದ ನೋಡಿದ್ದೀರಿ, ಆದರೂ ಇನ್ನೊಮ್ಮೆ ನೋಡಿ. ಗುರುವಾರ ಸಂಜೆಯಿಂದ ಗಂಟೆ ಬಾರಿಸುವುದಿಲ್ಲ, ಮರದ ಹಲಗೆ ಬಡಿದು ಸದ್ದು ಮಾಡುತ್ತಾರೆ. ಶುಕ್ರವಾರ ಜಗತ್ತಿನ ಯಾವ ಕಥೋಲಿಕ್ ಗುಡಿಯಲ್ಲೂ ಬಲಿಪೂಜೆ (ಮಾಸ್) ಇಲ್ಲ. ಶನಿವಾರ ರಾತ್ರಿ ದೀಪಗಳನ್ನೆಲ್ಲ ಆರಿಸಿ ಜನ ಹೊರಗೆ ನಿಲ್ಲುತ್ತಾರೆ. ಹೊಸ ಬೆಂಕಿ ಹಚ್ಚುತ್ತಾರೆ. ಫಾದರ್ ಆ ದೊಡ್ಡ ಪಾಸ್ಕ (ಈಸ್ಟರ್) ಮೇಣದಬತ್ತಿಯ ಮೇಲೆ ಶಿಲುಬೆ, ಗ್ರೀಕಿನ ಮೊದಲ ಮತ್ತು ಕೊನೆಯ ಅಕ್ಷರ, ಆ ವರ್ಷದ ನಾಲ್ಕು ಅಂಕಿ ಗುರುತು ಮಾಡಿ, ಐದು ಗಾಯಗಳ ನೆನಪಿಗೆ ಐದು ಧೂಪದ ಕಾಳು ಚುಚ್ಚುತ್ತಾರೆ. ಆ ಒಂದು ಬತ್ತಿಯಿಂದ ಪಕ್ಕದವರಿಗೆ, ಅವರಿಂದ ಅವರ ಪಕ್ಕದವರಿಗೆ ಬೆಂಕಿ ದಾಟುತ್ತಾ ಇಡೀ ಗುಡಿ ಬೆಳಗುತ್ತದೆ. ಮೇಣ ಕೈ ಮೇಲೆ ಬೀಳದಿರಲಿ ಅಂತ ಪೇಪರ್ ಕಪ್ಪಿನ ತಳಕ್ಕೆ ತೂತು ಮಾಡಿ ಬತ್ತಿ ತೂರಿಸಿಕೊಂಡಿರುತ್ತಾರೆ, ಮಕ್ಕಳು ಮುಂದಿನವರ ಜಡೆಗೆ ಎಲ್ಲಿ ತಾಗಿಸುತ್ತಾರೋ ಅಂತ ತಾಯಂದಿರಿಗೆ ಅರ್ಧ ಪ್ರಾರ್ಥನೆ ಅಲ್ಲೇ ಹೋಗುತ್ತದೆ. ಆಮೇಲೆ ಬೈಬಲ್ಲಿನ ಮೊದಲ ಭಾಗವಾದ ಹಳೆ ಒಡಂಬಡಿಕೆಯ ಉದ್ದುದ್ದ ವಾಚನಗಳು. ಏಳರ ತನಕ ಇರುತ್ತವೆ, ಕಡಿಮೆ ಮಾಡಿಕೊಳ್ಳಬಹುದು, ಆದರೆ ಇಸ್ರಾಯೇಲರು ಕೆಂಪು ಸಮುದ್ರ ದಾಟಿದ ವಾಚನವನ್ನು ಬಿಡುವ ಹಾಗಿಲ್ಲ. ಯಾಕೆಂದರೆ ಹಬ್ಬದ ಬೇರು ಇರುವುದು ಅಲ್ಲೇ.

ಇನ್ನೊಂದು ಮಾತು. ‘ನಮ್ಮದು ಆದಿಯಿಂದ ಬಂದ ಪದ್ಧತಿ’ ಅಂತ ಯಾರಾದರೂ ಎದೆ ತಟ್ಟಿಕೊಂಡರೆ ಇದನ್ನು ಹೇಳಿ. ಮೊದಲ ಶತಮಾನಗಳಲ್ಲಿ ಈ ಜಾಗರಣೆ ರಾತ್ರಿಯದೇ ಆಗಿತ್ತು, ನಿಜ. ಆದರೆ ಬರಬರುತ್ತಾ ಅದು ಹಿಂದೆ ಹಿಂದೆ ಸರಿದು ಶನಿವಾರ ಬೆಳಗಿನ ಪೂಜೆಯಾಗಿಬಿಟ್ಟಿತ್ತು. ಹಾಡುಹಗಲಲ್ಲಿ ಬತ್ತಿ ಹಿಡಿದುಕೊಂಡು ‘ಇದೇ ಆ ರಾತ್ರಿ’ ಅಂತ ಹಾಡುತ್ತಿದ್ದರು! ಪೋಪ್ 12ನೇ ಪಿಯುಸ್ 1951ರಲ್ಲಿ ಪ್ರಯೋಗ ಅಂತ ಶುರು ಮಾಡಿಸಿ, 1955ರ ಆಜ್ಞೆಯಿಂದ ಅದನ್ನು ಮತ್ತೆ ರಾತ್ರಿಗೆ ತಂದರು. ಅಂದರೆ ನಿಮ್ಮ ಅಜ್ಜಿಯ ಕಾಲದ ಈಸ್ಟರೇ ನಿಮ್ಮ ಈಸ್ಟರಿನ ಹಾಗೆ ಇರಲಿಲ್ಲ.

ಸ್ಮಶಾನದ ಪದ್ಧತಿ ನಿಮಗೆ ಒಗ್ಗದಿರುವುದು ನನಗೆ ಅರ್ಥವಾಗುತ್ತದೆ. ಕಥೋಲಿಕರಿಗೆ ಸಮಾಧಿಗೆ ಹೂವಿಡುವ ದಿನ ನವೆಂಬರ್ 2, ಸತ್ತವರೆಲ್ಲರ ಸ್ಮರಣೆಯ ದಿನ. ಹಬ್ಬದ ದಿನ ಬೆಳಗ್ಗೆ ಬೆಳಗ್ಗೆ ಗೋರಿ ನೋಡುವುದೇನು ಅನ್ನಿಸುತ್ತದೆ. ನಮ್ಮ ಸುತ್ತಲಿನ ಹಿಂದೂ ಮನೆಗಳಲ್ಲೂ ಹಬ್ಬಕ್ಕೂ ಸ್ಮಶಾನಕ್ಕೂ ದೂರ, ಆ ಗಾಳಿ ನಮ್ಮ ಮೇಲೂ ಬೀಸಿದೆ. ಆದರೆ ಪ್ರಾಟೆಸ್ಟೆಂಟರಲ್ಲಿ ಈ ನಸುಕಿನ ಆರಾಧನೆಗೆ ದೊಡ್ಡ ಇತಿಹಾಸ ಇದೆ. 1732ರಲ್ಲಿ ಜರ್ಮನಿಯ ಹೆರ್ನ್‌ಹುಟ್ ಎಂಬ ಊರಿನಲ್ಲಿ ಮೊರೇವಿಯನ್ ಸಭೆಯ ಯುವಕರು ಈಸ್ಟರ್ ನಸುಕಿನಲ್ಲಿ ತಮ್ಮ ಸ್ಮಶಾನದ ಗುಡ್ಡ ಹತ್ತಿ ಹಾಡಿದರು. ಅಲ್ಲಿಂದ ಅದು ಮಿಷನರಿಗಳ ಜೊತೆ ಊರೂರಿಗೆ ಹೋಯಿತು. ಇಂಗ್ಲಿಷಿನಲ್ಲಿ ಸ್ಮಶಾನಕ್ಕಿರುವ ಸೆಮಿಟರಿ ಎಂಬ ಪದ ಬಂದಿರುವುದು ‘ಮಲಗುವ ಜಾಗ’ ಎಂಬ ಅರ್ಥದ ಗ್ರೀಕ್ ಮಾತಿನಿಂದ. ಮಲಗಿದವರನ್ನು ಎಬ್ಬಿಸುವ ದಿನ ಅವರ ಹತ್ತಿರ ಹೋಗದೆ ಇನ್ನೆಲ್ಲಿಗೆ ಹೋಗಬೇಕು?

ನಾನು ಒಮ್ಮೆ ಇಂಥ ಆರಾಧನೆಗೆ ಹೋಗಿದ್ದೆ. ಹಿಂದಿನ ದಿನವೇ ಗೋರಿಗಳಿಗೆ ಸುಣ್ಣ ಬಳಿದಿದ್ದರು. ಐದು ಗಂಟೆಗೆ ಇನ್ನೂ ಕತ್ತಲೆ, ಮೊಬೈಲ್ ಬೆಳಕಿನಲ್ಲಿ ಅಪ್ಪನ ಕಲ್ಲು ಯಾವುದು, ಚಿಕ್ಕಪ್ಪನದು ಯಾವುದು ಅಂತ ಹುಡುಕುತ್ತಿದ್ದರು. ಸೇವಂತಿಗೆ ವಾಸನೆ, ಹಸಿ ಸುಣ್ಣದ ವಾಸನೆ. ಒಬ್ಬ ಹೆಂಗಸು ಪುಟ್ಟ ಗೋರಿಯೊಂದರ ಪಕ್ಕ ಚಾಪೆ ಹಾಕಿ ಕೂತಿದ್ದರು, ಅಳುತ್ತಿರಲಿಲ್ಲ, ಸುಮ್ನೆ ಕೂತಿದ್ದರು. ಸಭಾಪಾಲಕರು ‘ಕ್ರಿಸ್ತನು ಎದ್ದಿದ್ದಾನೆ’ ಅಂದಾಗ ಎಲ್ಲರಿಗಿಂತ ಗಟ್ಟಿಯಾಗಿ ‘ನಿಜವಾಗಿಯೂ ಎದ್ದಿದ್ದಾನೆ’ ಅಂದವರು ಅವರೇ. ನಾನು ವರ್ಷಗಟ್ಟಲೆ ಪಾಠ ಮಾಡಿದ ಕೊರಿಂಥ ಪತ್ರದ ಆ ಅಧ್ಯಾಯ ನನಗೆ ಅವತ್ತು ಬೇರೆ ಥರ ಕೇಳಿಸಿತು.

ಮೇಲಿನ ಮನೆ ಆಂಟಿಯ ಗುರುವಾರದ ಅಪ್ಪಕ್ಕೆ ಬರೋಣ. ಅದು ಪೆಸಹಾ ಅಪ್ಪಂ. ಕೇರಳದ ಸುರಿಯಾನಿ ಕ್ರೈಸ್ತರ ಮನೆಗಳಲ್ಲಿ ಹುಳಿ ಬರಿಸದೆ ಮಾಡುವುದು, ಮೇಲೆ ಗರಿಗಳ ಭಾನುವಾರ (ಪಾಮ್ ಸಂಡೇ) ತಂದ ಗರಿಯಿಂದ ಪುಟ್ಟ ಶಿಲುಬೆ. ರಾತ್ರಿ ಪ್ರಾರ್ಥನೆ ಆದಮೇಲೆ ಮನೆಯ ಯಜಮಾನ ಮುರಿದು ಎಲ್ಲರಿಗೂ ಕೊಡುತ್ತಾನೆ, ಬೆಲ್ಲ ತೆಂಗಿನಹಾಲಿನ ಪಾಲ್ ಜೊತೆ. ಪೆಸಹಾ, ಪಸ್ಕ, ಪಾಸ್ಕ, ಎಲ್ಲ ಒಂದೇ ಮಾತು. ಯೆಹೂದ್ಯರು ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದ ನೆನಪಿಗೆ ಹುಳಿಯಿಲ್ಲದ ರೊಟ್ಟಿ ತಿಂದು ಆಚರಿಸುವ ಪಸ್ಕದ ಹಬ್ಬದ ಹೊತ್ತಿನಲ್ಲೇ ಯೇಸು ಸತ್ತದ್ದು. ‘ನಮ್ಮ ಪಸ್ಕದ ಕುರಿಮರಿ ಕ್ರಿಸ್ತನೇ’ ಅಂತ ಪೌಲ ಬರೆದದ್ದು ಇದೇ ಲೆಕ್ಕದಲ್ಲಿ. ನಿಮ್ಮ ಗುಡಿಯಲ್ಲಿ ಕೆಂಪು ಸಮುದ್ರದ ವಾಚನ ಆಗುತ್ತದಲ್ಲ, ಆಂಟಿ ಅದನ್ನು ಅಡುಗೆಮನೆಯಲ್ಲಿ ಬೇಯಿಸುತ್ತಾರೆ. ಕರೆದರೆ ತಪ್ಪದೆ ಹೋಗಿ.

ಮೈದುನನ ವಿಡಿಯೊಗೆ ಉತ್ತರವೂ ಇದೇ ಮಾತಿನಲ್ಲಿದೆ. ಈಸ್ಟರ್ ಎಂಬ ಹೆಸರು ಬಂದದ್ದು ಇಂಗ್ಲಿಷಿಗೆ, ಅದರ ನೆಂಟ ಜರ್ಮನ್ನಿಗೆ. 725ರ ಹೊತ್ತಿಗೆ ಇಂಗ್ಲೆಂಡಿನ ಸನ್ಯಾಸಿ ಬೀಡ್ ಎಂಬಾತ ಬರೆದಿದ್ದಾನೆ, ನಮ್ಮವರು ಮೊದಲು ಏಪ್ರಿಲ್ ಹೊತ್ತಿನ ತಿಂಗಳನ್ನು ಎಯೋಸ್ಟ್ರೆ ಎಂಬ ದೇವತೆಯ ಹೆಸರಿನಿಂದ ಕರೆಯುತ್ತಿದ್ದರು ಅಂತ. ಆ ತಿಂಗಳಲ್ಲಿ ಅವಳಿಗೆ ಹಬ್ಬ ಮಾಡುತ್ತಿದ್ದರು ಅನ್ನುವುದು ಬಿಟ್ಟರೆ ಆ ದೇವತೆಯ ಬಗ್ಗೆ ಅವನು ಬರೆದದ್ದು ಅಷ್ಟೇ. ಮೊಟ್ಟೆ ಇಲ್ಲ, ಮೊಲ ಇಲ್ಲ. ಇಂಥ ವಿಡಿಯೊಗಳಲ್ಲಿ ಬರುವ ಬಾಬಿಲೋನಿನ ಇಷ್ತಾರ್ ದೇವಿಗೂ ಈ ಹೆಸರಿಗೂ ಇರುವುದು ಕಾರಿಗೂ ಖಾರಕ್ಕೂ ಇರುವಷ್ಟೇ ಸಂಬಂಧ. ಇಂಗ್ಲಿಷ್ ಎಂಬ ಭಾಷೆ ಹುಟ್ಟುವ ಮೊದಲೇ ಗ್ರೀಕ್ ಮಾತಾಡುವ ಕ್ರೈಸ್ತರು ಇದನ್ನು ‘ಪಾಸ್ಖ’ ಅನ್ನುತ್ತಿದ್ದರು, ಫ್ರೆಂಚರಿಗೆ ಇದು ಇವತ್ತಿಗೂ ಪಾಕ್, ಸ್ಪೇನಿನವರಿಗೆ ಪಾಸ್ಕುವ. ನಿಮ್ಮ ಕೊಂಕಣಿಯಲ್ಲಿ? ಪಾಸ್ಕಾಂಚೆಂ ಫೆಸ್ತ್! ಮೈದುನನಿಗೆ ಈಸ್ಟರ್ ಎಂಬ ಹೆಸರು ಚುಚ್ಚಿದರೆ ಪುನರುತ್ಥಾನದ ಹಬ್ಬ ಅನ್ನಲಿ, ಅಚ್ಚುಕಟ್ಟಾದ ಕನ್ನಡ ಹೆಸರೇ ಇದೆ. ನಾವು ದಿನಾ ಹೇಳುವ ಸೋಮವಾರ ಮಂಗಳವಾರಗಳೂ ಗ್ರಹದೇವತೆಗಳ ಹೆಸರೇ ಅಂತ ನೆನಪಿಸಿ, ಜಗಳ ಆಡುವ ಹಾಗೆ ಅಲ್ಲ.

ಆದರೆ ಅವನ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ವರ್ಷಕ್ಕೊಮ್ಮೆ ಹೀಗೆ ಹಬ್ಬ ಮಾಡಿ ಅಂತ ಹೊಸ ಒಡಂಬಡಿಕೆ ಎಲ್ಲೂ ಆಜ್ಞೆ ಮಾಡಿಲ್ಲ, ಅದು ನಿಜ. ಅದನ್ನೇ ಹಿಡಿದು ಹಬ್ಬ ಬಿಟ್ಟ ಕ್ರೈಸ್ತರು ಅವನಿಗಿಂತ ಮೊದಲೂ ಇದ್ದರು. 1647ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಕ್ರಿಸ್ಮಸ್, ಈಸ್ಟರ್ ಎರಡನ್ನೂ ರದ್ದು ಮಾಡಿತ್ತು. ಅವರ ವಾದ ಇಷ್ಟು: ಪ್ರತಿ ಭಾನುವಾರವೂ ಪುನರುತ್ಥಾನದ ದಿನವೇ, ಬೇರೆ ಹಬ್ಬ ಯಾಕೆ? ಮೊದಲರ್ಧವನ್ನು ಹೆಚ್ಚುಕಡಿಮೆ ಎಲ್ಲ ಸಭೆಗಳೂ ಒಪ್ಪುತ್ತವೆ. ಸಬ್ಬತ್ ಬಿಟ್ಟು ಭಾನುವಾರ ಸೇರುವ ರೂಢಿಗೆ ಕಾರಣವೇ ಅದು. ರಷ್ಯನ್ ಭಾಷೆಯಲ್ಲಂತೂ ಭಾನುವಾರದ ಹೆಸರೇ ಪುನರುತ್ಥಾನ. ಮೈದುನ ಭಾನುವಾರ ಸಭೆಗೆ ಹೋಗುತ್ತಾನೆ ತಾನೆ? ಹಾಗಾದರೆ ಅವನೂ ವರ್ಷಕ್ಕೆ ಐವತ್ತೆರಡು ಈಸ್ಟರ್ ಮಾಡುತ್ತಿದ್ದಾನೆ.

ದಿನಾಂಕದ ಜಗಳ ಇನ್ನೂ ಹಳೆಯದು, ನನಗೆ ತುಂಬಾ ಇಷ್ಟವಾದ ಕಥೆಯೂ ಅದೇ. ಎರಡನೇ ಶತಮಾನದಲ್ಲಿ ಈಗಿನ ಟರ್ಕಿ ಕಡೆಯ ಕ್ರೈಸ್ತರು ಯೆಹೂದ್ಯರ ಪಸ್ಕ ಬೀಳುವ ನಿಸಾನ್ ತಿಂಗಳ 14ನೇ ದಿನ, ಯಾವ ವಾರ ಬಂದರೂ ಸರಿ, ಪಾಸ್ಕ ಆಚರಿಸುತ್ತಿದ್ದರು. ರೋಮಿನವರು ಭಾನುವಾರವೇ ಆಗಬೇಕು ಅನ್ನುತ್ತಿದ್ದರು. ಸುಮಾರು 155ರಲ್ಲಿ ಆ ಟರ್ಕಿ ಕಡೆಯ ಸ್ಮುರ್ನದ ಮುದುಕ ಬಿಷಪ್ ಪಾಲಿಕಾರ್ಪ್ ರೋಮಿಗೆ ಹೋಗಿ ಅಲ್ಲಿನ ಬಿಷಪ್ ಅನಿಸೇಟಸ್ ಜೊತೆ ಕೂತು ಮಾತಾಡಿದ. ಇವನು ಅವನನ್ನು ಒಪ್ಪಿಸಲಾಗಲಿಲ್ಲ, ಅವನು ಇವನನ್ನು ಒಪ್ಪಿಸಲಾಗಲಿಲ್ಲ. ಆಮೇಲೆ ಅನಿಸೇಟಸ್ ಮಾಡಿದ್ದೇನು ಗೊತ್ತಾ? ತನ್ನ ಸಭೆಯಲ್ಲೇ ಪ್ರಭುಭೋಜನ, ಅಂದರೆ ರೊಟ್ಟಿ ದ್ರಾಕ್ಷಾರಸದ ಆರಾಧನೆ, ನಡೆಸುವ ಗೌರವವನ್ನು ಪಾಲಿಕಾರ್ಪನಿಗೆ ಬಿಟ್ಟುಕೊಟ್ಟ. ಇಬ್ಬರೂ ತಮ್ಮ ತಮ್ಮ ದಿನಾಂಕ ಇಟ್ಟುಕೊಂಡೇ ಸಮಾಧಾನವಾಗಿ ಬೀಳ್ಕೊಂಡರು. ಮೂವತ್ತೈದು ನಲವತ್ತು ವರ್ಷದ ಮೇಲೆ ರೋಮಿನ ಇನ್ನೊಬ್ಬ ಬಿಷಪ್ ವಿಕ್ಟರ್ ಸಿಟ್ಟಿಗೆದ್ದು ಆ ಕಡೆಯವರನ್ನು ಸಭೆಯಿಂದಲೇ ಕಡಿದುಹಾಕಲು ಹೊರಟಾಗ, ಈಗಿನ ಫ್ರಾನ್ಸಿನ ಲಿಯೋನ್ಸ್ ಊರಿನ ಬಿಷಪ್ ಇರೆನೇಯಸ್ ಈ ಹಳೆಯ ಭೇಟಿಯನ್ನೇ ನೆನಪಿಸಿ ಕಾಗದ ಬರೆದ. ಉಪವಾಸದ ರೀತಿ ಬೇರೆಯಾಗಿದ್ದರೂ ಜೊತೆಗಿದ್ದೇವಲ್ಲ, ನಮ್ಮ ನಂಬಿಕೆ ಒಂದೇ ಅನ್ನುವುದಕ್ಕೆ ಅದೇ ಸಾಕ್ಷಿ ಅನ್ನುವ ಅರ್ಥದ ಮಾತು ಅದರಲ್ಲಿದೆ. ನಿಮ್ಮಿಬ್ಬರ ಮದುವೆಗೆ ಇದಕ್ಕಿಂತ ಒಳ್ಳೆಯ ಮಾತು ನನ್ನಲ್ಲಿಲ್ಲ.

325ರಲ್ಲಿ ನಿಕೇಯ ಊರಿನಲ್ಲಿ ಸೇರಿದ ಬಿಷಪರ ಮಹಾಸಭೆ ಎಲ್ಲರೂ ಒಂದೇ ಭಾನುವಾರ ಆಚರಿಸಲಿ ಅಂತ ತೀರ್ಮಾನಿಸಿತು. ವಸಂತದ ಹಗಲು-ಇರುಳು ಸಮವಾಗುವ ದಿನ ಮಾರ್ಚ್ 21 ಅಂತ ಹಿಡಿದು, ಆ ದಿನ ಅಥವಾ ಅದಾದ ಮೇಲೆ ಬರುವ ಮೊದಲ ಹುಣ್ಣಿಮೆ, ಆ ಹುಣ್ಣಿಮೆ ಕಳೆದ ಮೊದಲ ಭಾನುವಾರ, ಇದು ಲೆಕ್ಕ. ಹೀಗಾಗಿ ನಮ್ಮಲ್ಲಿ ಮಾರ್ಚ್ 22ರಿಂದ ಏಪ್ರಿಲ್ 25ರ ಒಳಗೆ ಎಲ್ಲಾದರೂ ಬೀಳುತ್ತದೆ. 1582ರಲ್ಲಿ ರೋಮ್ ಕ್ಯಾಲೆಂಡರ್ ತಿದ್ದಿತು, ಗ್ರೀಸ್ ರಷ್ಯಾ ಕಡೆಯ ಆರ್ಥಡಾಕ್ಸ್ ಸಭೆಗಳು ಈಸ್ಟರಿಗೆ ಹಳೆಯ ಲೆಕ್ಕವನ್ನೇ ಉಳಿಸಿಕೊಂಡವು, ಮತ್ತೆ ಎರಡಾಯಿತು. 2024ರಲ್ಲಿ ನಮಗೆ ಮಾರ್ಚ್ 31, ಅವರಿಗೆ ಮೇ 5. 2025ರಲ್ಲಿ ಇಬ್ಬರಿಗೂ ಏಪ್ರಿಲ್ 20. ಗೋಡೆಯ ಪಂಚಾಂಗದಲ್ಲಿ ಸ್ಮಾರ್ತ ಏಕಾದಶಿ, ವೈಷ್ಣವ ಏಕಾದಶಿ ಅಂತ ಅಕ್ಕಪಕ್ಕ ನೋಡಿ ಬೆಳೆದವರಿಗೆ ಇದೇನು ಅಷ್ಟು ವಿಚಿತ್ರ ಅಲ್ಲ.

ಈಗ ಮೊಟ್ಟೆ. ಹಿಂದೆ ಈಸ್ಟರಿಗೆ ಮೊದಲಿನ ತಪಸ್ಸು ಕಾಲದ ನಲವತ್ತು ದಿನ ಮಾಂಸ ಮಾತ್ರವಲ್ಲ, ಮೊಟ್ಟೆಯನ್ನೂ ತಿನ್ನುತ್ತಿರಲಿಲ್ಲ. ಕೋಳಿಗೆ ತಪಸ್ಸು ಕಾಲ ಗೊತ್ತಾಗಬೇಕಲ್ಲ! ಅದು ಇಡುತ್ತಲೇ ಹೋಯಿತು, ಮನೆಯಲ್ಲಿ ಮೊಟ್ಟೆ ರಾಶಿ ಬಿತ್ತು. ಹಬ್ಬದ ದಿನ ಅದನ್ನು ಬೇಯಿಸಿ, ಬಣ್ಣ ಹಾಕಿ, ಗುಡಿಗೆ ಒಯ್ದು ಆಶೀರ್ವಾದ ಮಾಡಿಸಿ ಹಂಚಿದರು. 1290ರಲ್ಲಿ ಇಂಗ್ಲೆಂಡಿನ ರಾಜ ಮೊದಲನೇ ಎಡ್ವರ್ಡ್ ಈಸ್ಟರಿಗೆ 450 ಮೊಟ್ಟೆ ತರಿಸಿದ ಖರ್ಚು 18 ಪೆನ್ಸ್ ಅಂತ ಅರಮನೆಯ ಲೆಕ್ಕದಲ್ಲೇ ಇದೆ. ಪೂರ್ವದ ಸಭೆಗಳಲ್ಲಿ ಮೊಟ್ಟೆಗೆ ಹೆಚ್ಚಾಗಿ ಕೆಂಪು ಬಣ್ಣ, ಕ್ರಿಸ್ತನ ರಕ್ತದ ಗುರುತು. ಮೊಟ್ಟೆಗೆ ಮೊಟ್ಟೆ ತಾಗಿಸಿ ಒಡೆಯುತ್ತಾ ‘ಕ್ರಿಸ್ತನು ಎದ್ದಿದ್ದಾನೆ’ ಅನ್ನುತ್ತಾರೆ. ಮುಚ್ಚಿದ ಚಿಪ್ಪು ಸಮಾಧಿ, ಒಡೆದದ್ದು ಖಾಲಿ ಸಮಾಧಿ. ಬೆಂಗಳೂರಿನ ಬೇಕರಿಗಳ ಸಕ್ಕರೆ ಹೂವಿನ ಮಾರ್ಝಿಪಾನ್ ಮೊಟ್ಟೆ ಬ್ರಿಟಿಷರ ದಂಡಿನ ಕಾಲದ ರುಚಿ, ತಿನ್ನಿ, ಚೆನ್ನಾಗಿರುತ್ತದೆ. ಮೊಲ ಮಾತ್ರ ಜರ್ಮನ್ ಅಜ್ಜಿ ಕಥೆ. ಮೊಲ ಮೊಟ್ಟೆ ತಂದು ಬಚ್ಚಿಡುತ್ತದೆ ಅಂತ 1682ರಲ್ಲಿ ಒಬ್ಬ ವೈದ್ಯ ಬರೆದಿದ್ದಾನೆ, ಅದರಲ್ಲಿ ಧರ್ಮವೂ ಇಲ್ಲ ಅಧರ್ಮವೂ ಇಲ್ಲ.

ಹಾಗಾಗಿ ಮಗಳ ಜೊತೆ ಹೀಗೆ ಮಾಡಿ. ಎರಡು ಮೊಟ್ಟೆ ಗಟ್ಟಿಯಾಗಿ ಬೇಯಿಸಿ, ಬೇಯುವ ನೀರಿಗೆ ಬೀಟ್‌ರೂಟ್ ಸಿಪ್ಪೆ, ಒಂದು ಚಮಚ ವಿನೆಗರ್ ಹಾಕಿದರೆ ಗುಲಾಬಿಗೆಂಪು ಛಾಯೆ ಬರುತ್ತದೆ. ನಿಮ್ಮದೊಂದು, ಅವಳದೊಂದು. ಮೊದಲು ಕಲ್ಲಿನ ಕಥೆ ಹೇಳಿ, ಆ ಹೆಂಗಸರ ಚಿಂತೆ ಹೇಳಿ, ಆಮೇಲೆ ತಾಗಿಸಿ ಒಡೆಯಿರಿ. ಅಪಾರ್ಟ್‌ಮೆಂಟಿನ ಆಟಕ್ಕೂ ಕಳಿಸಿ, ಅದು ಆಟ, ಅಷ್ಟೇ. ನಾನು ಒತ್ತಾಯ ಮಾಡುವುದು ಶುಕ್ರವಾರದ ಬಗ್ಗೆ. ಶುಕ್ರವಾರ ರೆಸಾರ್ಟಿಗೆ ಹೋಗಿ ಭಾನುವಾರ ಮೊಟ್ಟೆ ಹುಡುಕಿದರೆ ಮಗುವಿಗೆ ಏನೂ ಅರ್ಥವಾಗುವುದಿಲ್ಲ, ಸತ್ತವರು ತಾನೆ ಏಳಬೇಕಾದ್ದು? ರಜೆ ಇದೆ ಅಂತ ‘ಹ್ಯಾಪಿ ಗುಡ್ ಫ್ರೈಡೇ’ ಅಂತ ಹಾರೈಸುವ ಸಹೋದ್ಯೋಗಿಗಳು ಹೇಗೂ ಇರುತ್ತಾರೆ. ಪಾಪ, ಅವರ ಮೇಲೆ ರೇಗಬೇಡಿ. ಮಧ್ಯಾಹ್ನ ಗಂಜಿ ಉಪ್ಪಿನಕಾಯಿ, ನಿಮ್ಮ ಕಡೆಯ ಶಿಲುಬೆ ಹಾದಿಗೋ ಅವರ ಕಡೆಯಲ್ಲಿ ಯೇಸು ಶಿಲುಬೆಯ ಮೇಲೆ ಆಡಿದ ಏಳು ನುಡಿಗಳ ಮೂರು ಗಂಟೆಯ ಆರಾಧನೆಗೋ ಎಲ್ಲಾದರೂ ಒಂದು ಕಡೆ, ಅವಳು ಅರ್ಧಕ್ಕೆ ನಿದ್ದೆ ಹೋದರೂ ಪರವಾಗಿಲ್ಲ.

ಉಳಿದದ್ದು ನಿಮ್ಮ ಶನಿವಾರ-ಭಾನುವಾರದ ಹಗ್ಗಜಗ್ಗಾಟ. ಒಂದು ವರ್ಷ ಅದು, ಒಂದು ವರ್ಷ ಇದು ಅಂತ ಪಾಲು ಮಾಡುತ್ತಿದ್ದೀರಿ, ಯಾಕೆ? ಎರಡೂ ಒಂದೇ ರಾತ್ರಿಯ ಎರಡು ತುದಿ. ಈ ಸಲ ಧಾರವಾಡಕ್ಕೆ ಹೋದಾಗ ಶನಿವಾರ ರಾತ್ರಿ ಅಲ್ಲಿನ ಕಥೋಲಿಕ್ ಗುಡಿಗೆ ನೀವೆಲ್ಲರೂ ಹೋಗಿ. ಪೂಜೆ ಮುಗಿದಮೇಲೆ ಕೈಯಲ್ಲಿ ಅರ್ಧ ಉರಿದ ಬತ್ತಿ ಉಳಿದಿರುತ್ತದಲ್ಲ, ಎಲ್ಲರೂ ಬುಟ್ಟಿಗೆ ಹಾಕಿ ಬರುತ್ತಾರೆ, ನೀವು ಹಾಕಬೇಡಿ, ಆರಿಸಿ ಚೀಲದಲ್ಲಿಟ್ಟುಕೊಳ್ಳಿ. ನಾಲ್ಕು ಗಂಟೆ ನಿದ್ದೆ ಸಿಕ್ಕರೆ ಹೆಚ್ಚು. ನಸುಕಿನಲ್ಲಿ ಗಂಡನ ಮನೆಯವರ ಜೊತೆ ಹೋಗಿ ಅವರ ಹಿರಿಯರ ಗೋರಿಯ ಮೇಲೆ ಅದೇ ಬತ್ತಿಯನ್ನು ಮಗಳ ಕೈಯಿಂದ ಹಚ್ಚಿಸಿ. ಪೇಪರ್ ಕಪ್ಪನ್ನೂ ಎಸೆಯಬೇಡಿ, ಧಾರವಾಡದಲ್ಲಿ ಬೆಳಗ್ಗೆ ಗಾಳಿ ಜಾಸ್ತಿ.